ಚಿಕ್ಕಪ್ಪನ ಹಳೆಯ ಲ್ಯಾಪ್‌ಟಾಪ್, ಜಗಲಿಯಲ್ಲೊಂದು ವೈಫೈ ಗ್ರಂಥಾಲಯ

ಕೈಯಲ್ಲಿದ್ದ ಸಾಮಾನು ಇಷ್ಟು: 2012ರ ಸುಮಾರಿನ ಒಂದು ಲ್ಯಾಪ್‌ಟಾಪ್. ಅದರಲ್ಲಿ ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 2 ಜಿಬಿಯ ಎರಡು ಡಿಡಿಆರ್3 ರ‍್ಯಾಮ್ ಸ್ಟಿಕ್, 500 ಜಿಬಿ ಹಾರ್ಡ್ ಡಿಸ್ಕ್. ಜೊತೆಗೆ ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೆಯ ವೈಫೈ ರೂಟರ್. ಆಗಬೇಕಾದ ಕೆಲಸ: ಸಕಲೇಶಪುರದ ಆಚೆ, ಹೆತ್ತೂರು ಕಡೆಯ ನಮ್ಮೂರಿನಲ್ಲಿ ಮಳೆ ಹಿಡಿದು ನೆಟ್‌ವರ್ಕ್ ಸತ್ತಾಗಲೂ ಅಕ್ಕಪಕ್ಕದ ಮನೆಯ ಹುಡುಗರು ನಮ್ಮ ಜಗಲಿಯಲ್ಲಿ ಕೂತು ಫೋನಿನಲ್ಲಿ ವಿಕಿಪೀಡಿಯ ಓದಬೇಕು. ಅದಕ್ಕೆ ಇಂಟರ್ನೆಟ್ ಬೇಕಾಗಬಾರದು. ಲಾಗಿನ್, ಓಟಿಪಿ, ಜಾಹೀರಾತು ಯಾವುದೂ ಇರಬಾರದು.

ಲ್ಯಾಪ್‌ಟಾಪ್ ಚಿಕ್ಕಪ್ಪನದು. ಕೆಲವು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದಿತ್ತು. ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದ್ದಕ್ಕೆ, ತೆರೆದೂ ನೋಡದೆ "ಬೋರ್ಡ್ ಹೋಗಿದೆ, ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಅಂದರಂತೆ. ಗುಜರಿಗೆ ಹಾಕುವ ಮುಂಚೆ ಚಿಕ್ಕಪ್ಪ ನನ್ನನ್ನು ಕೇಳಿದರು. "ನಿಂಗೆ ಬೇಕಾದ್ರೆ ಇಟ್ಕೊ ಮಗಾ, ಬಿಚ್ಚಿ ನೋಡು" ಅಂದರು. ಅಷ್ಟು ಸಾಕಾಗಿತ್ತು.

ನಾನು ಹಾಸನದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಇಂಟರ್ನೆಟ್ ಸ್ವಾತಂತ್ರ್ಯದ ಬಗ್ಗೆ ಮಾತು ಬಂದಾಗ ದೊಡ್ಡವರು ಸರ್ಕಾರ, ಕೋರ್ಟು, ದೊಡ್ಡ ಕಂಪನಿ ಅಂತ ಶುರು ಮಾಡುತ್ತಾರೆ. ನನಗೆ ಅದು ಸ್ಕ್ರೂಡ್ರೈವರ್‌ನಿಂದ ಶುರುವಾಗುತ್ತದೆ. ನಾನು ದುಡ್ಡು ಕೊಟ್ಟು ತಂದ ಯಂತ್ರ ಯಾರ ಮಾತು ಕೇಳುತ್ತದೆ? ನನ್ನ ಮಾತೋ, ಅದನ್ನು ಮಾಡಿದವರ ಮಾತೋ? ಈ ರಿಪೇರಿಯ ಒಂದೊಂದು ಹಂತದಲ್ಲೂ ಈ ಪ್ರಶ್ನೆ ಎದುರಾಯಿತು. ಅದಕ್ಕೇ ರಿಪೇರಿ ಮತ್ತು ಅಭಿಪ್ರಾಯ ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ.

ಬಿಚ್ಚಿದಾಗ ಕಂಡದ್ದು

ಪವರ್ ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಆಫ್. ಫ್ಯಾನ್ ತಿರುಗುತ್ತದೆ ಅಂದರೆ ಬೋರ್ಡಿಗೆ ಕರೆಂಟ್ ಬರುತ್ತಿದೆ, ಅಲ್ವಾ? ಬೋರ್ಡ್ ಸತ್ತಿದೆ ಅನ್ನುವುದಕ್ಕೆ ಮುಂಚೆ ರ‍್ಯಾಮ್ ನೋಡಬೇಕು. ಮಲೆನಾಡಿನಲ್ಲಂತೂ ಮೊದಲು ಅದನ್ನೇ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೋಹದ ತೆಳು ಪಟ್ಟಿಗಳು ಹೇಗೆ ತಪ್ಪಿಸಿಕೊಳ್ಳುತ್ತವೆ?

ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಒಳಗೆ ಉಳಿದ ಕರೆಂಟ್ ಇಳಿಯಲಿ ಅಂತ. ಆಮೇಲೆ ಕೆಳಗಿನ ಮುಚ್ಚಳ ತೆಗೆದೆ. ರ‍್ಯಾಮ್ ಸ್ಟಿಕ್‌ಗಳ ಚಿನ್ನದ ಬಣ್ಣದ ಪಟ್ಟಿ ಮಂಕಾಗಿತ್ತು. ಒಂದು ಸ್ಲಾಟ್‌ನ ಹಲ್ಲುಗಳ ನಡುವೆ ಬಿಳಿ ಬೂಷ್ಟು ಕೂತಿತ್ತು. ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದೆ. ರಬ್ಬರ್ ಪುಡಿ ಸ್ಲಾಟ್ ಒಳಗೆ ಬೀಳಬಾರದು, ಆದ್ದರಿಂದ ಆ ಕೆಲಸ ಬೋರ್ಡಿನಿಂದ ದೂರ ಕೂತು ಮಾಡಬೇಕು. ಸ್ಲಾಟ್‌ಗೆ ಅದೇ ದ್ರವ ಮತ್ತು ಮೃದುವಾದ ಬ್ರಷ್. ಪೂರ್ತಿ ಆರಿದ ಮೇಲೆ ಒಂದೇ ಸ್ಟಿಕ್ ಹಾಕಿ ಬಟನ್ ಒತ್ತಿದೆ. ಪರದೆ ಬಂತು. ಎರಡನೆಯದನ್ನೂ ಹಾಕಿದೆ. 4 ಜಿಬಿ ಪೂರ್ತಿ ಕಾಣಿಸಿತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದೆ, ದೋಷ ಸಿಗಲಿಲ್ಲ. "ಬೋರ್ಡ್ ಹೋಗಿದೆ" ಅಂದಿದ್ದ ಯಂತ್ರಕ್ಕೆ ಬೇಕಾಗಿದ್ದದ್ದು ಒಂದು ರಬ್ಬರ್.

ಇಲ್ಲಿ ನನಗೆ ಬೇಜಾರಾಗುವುದು ಆ ಅಂಗಡಿಯವರ ಮೇಲಲ್ಲ. ಅವರಿಗೂ ಈ ಮಾದರಿಯ ಸರ್ವಿಸ್ ಮ್ಯಾನುಯಲ್, ಸರ್ಕ್ಯೂಟ್ ನಕ್ಷೆ ಸುಲಭಕ್ಕೆ ಸಿಗುವುದಿಲ್ಲ. ಸಿಗದಿದ್ದಾಗ "ಹೊಸದು ತಗೊಳ್ಳಿ" ಅನ್ನುವುದೇ ಸುಲಭದ ದಾರಿ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್‌ನಂಥ ಕೆಲವು ವಸ್ತುಗಳ ಮೇಲೆ ಹತ್ತಕ್ಕೆ ಇಷ್ಟು ಅಂಕ ಅಂತ "ರಿಪೇರಿ ಸೂಚ್ಯಂಕ" ಹಾಕಲೇಬೇಕು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಬೆಲೆ ಎಷ್ಟು, ಕೈಪಿಡಿ ಇದೆಯೇ ಅಂತ ನೋಡಿ ಅಂಕ ಕೊಡುತ್ತಾರೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಕಂಪನಿಗಳು ತಾವಾಗಿ ಕೊಟ್ಟ ಮಾಹಿತಿಯನ್ನು ಒಂದೆಡೆ ಇಟ್ಟರೆ ಸಾಲದು. ಕೈಪಿಡಿ ಕೊಡಲೇಬೇಕು ಅನ್ನುವ ಕಾನೂನು ಬರಬೇಕು. ಹಾಸನದ ಬಿ.ಎಂ. ರಸ್ತೆಯ ಚಿಕ್ಕ ಅಂಗಡಿಯಲ್ಲಿ ಸೋಲ್ಡರಿಂಗ್ ಕಲಿಯುತ್ತಿರುವ ಹುಡುಗನಿಗೂ ಅದು ಸಿಗಬೇಕು.

ಮುಂದಿನ ತೊಂದರೆ ಗಡಿಯಾರದ್ದು. ಚಾರ್ಜರ್ ಕಿತ್ತಾಗಲೆಲ್ಲ ತಾರೀಖು 2012ಕ್ಕೆ ಹೋಗುತ್ತಿತ್ತು. ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿ ಖಾಲಿಯಾಗಿತ್ತು. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಎರಡು ಪಿನ್ನಿನ ವೈರ್ ಸಮೇತ ಪ್ಲಾಸ್ಟಿಕ್ ಕವಚದಲ್ಲಿ ಇರುತ್ತದೆ. ವೈರ್ ಇರುವುದನ್ನೇ ಕೇಳಿ ತರಬೇಕು. ಬರಿಯ ಬ್ಯಾಟರಿ ತಂದು ಅದರ ಮೇಲೆ ನೇರವಾಗಿ ಬೆಸುಗೆ ಹಾಕಲು ಹೋಗಬೇಡಿ, ಲಿಥಿಯಂ ಸೆಲ್ ಬಿಸಿಯಾದರೆ ಒಡೆಯಬಹುದು.

ಗಡಿಯಾರ ತಪ್ಪಿದ್ದರೆ ಏನಾಗುತ್ತದೆ ಅಂತ ಕೇಳಬಹುದು. ಅರ್ಧ ಇಂಟರ್ನೆಟ್ ಮುಚ್ಚಿಹೋಗುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಯಂತ್ರ 2012 ಅಂದುಕೊಂಡಿದ್ದರೆ ಈಗಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಬ್ರೌಸರ್ "ಈ ಸಂಪರ್ಕ ಸುರಕ್ಷಿತವಲ್ಲ" ಅನ್ನುತ್ತದೆ. ಜನ ಇದನ್ನು ವೈರಸ್ ಅಂದುಕೊಳ್ಳುತ್ತಾರೆ. ಚಿಕ್ಕ ಬ್ಯಾಟರಿ ಹಾಕಿ ತಾರೀಖು ಸರಿಮಾಡಿದರೆ ಎಲ್ಲ ಸರಿ.

ಕಾರ್ಡ್ ಬದಲಿಸಲು ಅನುಮತಿ ಇಲ್ಲ

ಲ್ಯಾಪ್‌ಟಾಪಿನ ಒಳಗಿನ ವೈಫೈ ಕಾರ್ಡ್ ಆಗಾಗ ಕಾಣೆಯಾಗುತ್ತಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯ, ಅದೇ ಕನೆಕ್ಟರಿನ ಇನ್ನೊಂದು ಕಾರ್ಡ್ ಸಿಕ್ಕಿತು. ಹಾಕಿ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಅನುಮತಿ ಇಲ್ಲದ ಕಾರ್ಡ್ ಸಿಕ್ಕಿದೆ, ಅದನ್ನು ತೆಗೆಯಿರಿ. ಅಲ್ಲಿಗೇ ನಿಂತುಬಿಟ್ಟಿತು. ಕಾರ್ಡ್ ಕೆಟ್ಟಿರಲಿಲ್ಲ. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು.

ಆ ಕಾಲದ ಹಲವು ಮಾದರಿಗಳ ಬಯೋಸ್ ಒಳಗೆ, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಮಿನ ಒಳಗೆ, ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಕಾರ್ಡ್‌ಗೆ ಮಾತ್ರ ಪ್ರವೇಶ. ರೇಡಿಯೊ ನಿಯಮದ ಪ್ರಕಾರ ಕಾರ್ಡ್ ಮತ್ತು ಆಂಟೆನಾಗೆ ಒಟ್ಟಿಗೇ ಪ್ರಮಾಣಪತ್ರ ಪಡೆದಿರುತ್ತೇವೆ, ಅದಕ್ಕೇ ಈ ಪಟ್ಟಿ ಅನ್ನುವುದು ತಯಾರಕರು ಕೊಡುತ್ತಿದ್ದ ಕಾರಣ. ಹಾಗಿದ್ದರೆ ಒಂದು ಎಚ್ಚರಿಕೆ ತೋರಿಸಿ ಮುಂದೆ ಹೋಗಲು ಬಿಡಬಹುದಿತ್ತು. ಇಡೀ ಕಂಪ್ಯೂಟರನ್ನೇ ಶುರುವಾಗದಂತೆ ನಿಲ್ಲಿಸುವುದು ಯಾಕೆ? ಮಾರಿ ಇಷ್ಟು ವರ್ಷ ಆದ ಮೇಲೂ, ಮಾಡಿದವರು ಇದರೊಳಗೆ ಕೂತು ಬೇಡ ಅನ್ನುತ್ತಿದ್ದಾರೆ.

ಬಯೋಸ್ ಚಿಪ್‌ನ ಒಳಗಿನ ಪಟ್ಟಿಯನ್ನೇ ತಿದ್ದುವವರು ಇದ್ದಾರೆ. ಅದಕ್ಕೆ ಚಿಪ್ ಪ್ರೋಗ್ರಾಮರ್ ಬೇಕು, ಸ್ವಲ್ಪ ತಪ್ಪಿದರೂ ಯಂತ್ರ ಇಟ್ಟಿಗೆಯಾಗುತ್ತದೆ. ನನ್ನ ಕೆಲಸಕ್ಕೆ ಅದು ಬೇಕಾಗಿರಲಿಲ್ಲ. ಸರ್ವರ್ ಆಗಿ, ಅಂದರೆ ಫೋನುಗಳಿಗೆ ಪುಟ ಕಳಿಸುತ್ತಾ, ಓಡುವ ಕಂಪ್ಯೂಟರ್‌ಗೆ ವೈಫೈ ಯಾಕೆ? ಕಾರ್ಡ್ ತೆಗೆದು, ಈಥರ್‌ನೆಟ್ ಕೇಬಲ್‌ನಲ್ಲಿ ನೇರವಾಗಿ ರೂಟರ್‌ಗೆ ಕೂಡಿಸಿದೆ. ಇದು ವೇಗವೂ ಹೌದು, ಗಟ್ಟಿಯೂ ಹೌದು.

1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎದುರಿಸಿದ್ದೂ ಇಂಥದ್ದೇ. ಅವರ ಲ್ಯಾಬಿಗೆ ಹೊಸ ಪ್ರಿಂಟರ್ ಬಂತು. ಕಾಗದ ಸಿಕ್ಕಿಹಾಕಿಕೊಂಡರೆ ಎಲ್ಲರಿಗೂ ತಿಳಿಸುವ ಏರ್ಪಾಡನ್ನು ಅವರು ಹಳೆಯ ಪ್ರಿಂಟರಿನ ಪ್ರೋಗ್ರಾಮಿಗೆ ಸೇರಿಸಿದ್ದರು. ಹೊಸದಕ್ಕೆ ಸೋರ್ಸ್ ಕೋಡ್, ಅಂದರೆ ತಿದ್ದಲು ಬೇಕಾದ ಪ್ರೋಗ್ರಾಮಿನ ಮೂಲ ಬರಹ, ಸಿಗಲೇ ಇಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಅವರು ಮುಕ್ತ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಬಳಸುವ, ಒಳಗೆ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು ಬಳಸುವವರಿಗೇ ಇರಬೇಕು ಅನ್ನುವುದು ಅವರ ವಾದ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಶುರು ಮಾಡಿದಾಗ ಆತನಿಗೆ 21 ವರ್ಷ. ಮುಂದೆ ಅದೂ ಗ್ನೂ ಪರವಾನಗಿಯಡಿ ಬಂತು. ನಾನು ಈ ಲ್ಯಾಪ್‌ಟಾಪಿಗೆ ಹಾಕಿದ್ದು ಈ ಎರಡೂ ಸೇರಿದ್ದನ್ನೇ.

ಡಿಸ್ಕ್, ಮತ್ತು ತಾತನ ಕಡತಗಳು

ಹೊಸದೇನನ್ನೂ ಹಾಕುವ ಮೊದಲು ಹಳೆಯ ಡಿಸ್ಕಿನಲ್ಲಿದ್ದದ್ದನ್ನು ಉಳಿಸಿಕೊಳ್ಳಬೇಕಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಂಡುಗಳು) ಇದ್ದವು. ಅಂಥ ಡಿಸ್ಕಿನಿಂದ ಫೋಲ್ಡರ್ ಎಳೆದು ಕಾಪಿ ಮಾಡಲು ಹೋಗಬಾರದು. ಕೆಟ್ಟ ಜಾಗದಲ್ಲೇ ಮತ್ತೆ ಮತ್ತೆ ತಿಣುಕಿ ಡಿಸ್ಕ್ ಪೂರ್ತಿ ಸಾಯುತ್ತದೆ. ಇದಕ್ಕೆ ಗ್ನೂ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಇದೆ. ಅದು ಮೊದಲು ಚೆನ್ನಾಗಿರುವ ಭಾಗಗಳನ್ನೆಲ್ಲ ಬೇಗಬೇಗ ನಕಲು ಮಾಡಿಕೊಳ್ಳುತ್ತದೆ. ಕೆಟ್ಟ ಜಾಗಕ್ಕೆ ಕೊನೆಯಲ್ಲಿ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಕಡತದಲ್ಲಿ ಬರೆದಿಡುತ್ತಾ ಹೋಗುತ್ತದೆ. ನಮ್ಮ ಕಡೆ ಇದು ತುಂಬ ದೊಡ್ಡ ಉಪಕಾರ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಹೆಚ್ಚುಕಮ್ಮಿ ಎಲ್ಲವೂ ಬಂತು.

ಅದರಲ್ಲಿ ಮದುವೆ ಫೋಟೊಗಳು, ಚಿಕ್ಕಪ್ಪನ ಲೆಕ್ಕ, ಮತ್ತು ತಾತ ಬರೆಸಿದ್ದ ಕಡತಗಳು ಇದ್ದವು. ತಾತ ಊರಿನ ಕಾಫಿ ಬೆಳೆಗಾರರ ಸಂಘದ ಕಾರ್ಯದರ್ಶಿಯಾಗಿದ್ದರು. ಸಭೆಯ ನಡಾವಳಿ, ಮಳೆಯ ಲೆಕ್ಕ, ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಂತು, ಕಾಯಿಕೊರಕ ಹುಳು ಎಲ್ಲಿ ಕಾಣಿಸಿತು ಅನ್ನುವುದೆಲ್ಲ ಅದರಲ್ಲಿತ್ತು. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಕನ್ನಡದ ಒಂದಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟಿರುವ ಎ, ನಡುನಡುವೆ ಪೌಂಡ್ ಗುರುತು.

ಕಡತ ಕೆಟ್ಟಿರಲಿಲ್ಲ. ಹಳೆಯ ಆಸ್ಕಿ ಫಾಂಟ್‌ಗಳು ಹೀಗೇ. ಇಂಗ್ಲಿಷ್ ಅಕ್ಷರದ ಕೋಡ್ ಇಟ್ಟುಕೊಂಡು, ಅದರ ಚಿತ್ರದ ಜಾಗದಲ್ಲಿ ಕನ್ನಡದ ತುಂಡು ಕೂರಿಸುತ್ತಿದ್ದವು: ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಬೇರೆ ಕಂಪ್ಯೂಟರಿಗೆ ಕಳಿಸಿದರೆ ಓದಲಾಗುವುದಿಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೇ ಕೋಡ್ ಪಟ್ಟಿಯಾದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಜಾಗಗಳ ಸ್ವಂತ ವಿಭಾಗ ಇದೆ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲದ ಮುಕ್ತ ಮಾನದಂಡ. ನಮ್ಮ ಊರಿನ ಕಂಪ್ಯೂಟರುಗಳಿಗೆ ಅದು ಬಂದು ತಲುಪುವುದು ಮಾತ್ರ ತಡವಾಯಿತು.

ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಮುಕ್ತ ಸ್ಕ್ರಿಪ್ಟ್‌ಗಳು ಇವೆ. ಪೈಥಾನ್‌ನದು ಒಂದನ್ನು ತೆಗೆದುಕೊಂಡು ತಾತನ ಕಡತಗಳಿಗೆ ಹೊಂದುವಂತೆ ತಿದ್ದಿದೆ. ಇದರಲ್ಲಿ ಕಷ್ಟದ ಜಾಗ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಕೋಡ್, ಕಣ್ಣಿಗೆ ಕಾಣುವ ಹಾಗೇ, ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರ್ ಮೊದಲು, ಆಮೇಲೆ ಅಕ್ಷರ. ಸಂಘದ ನಡಾವಳಿಯ ತುಂಬ ಕಾರ್ಯದರ್ಶಿ, ವರ್ಷ, ಖರ್ಚು, ನಿರ್ಣಯ. ಒಂದೂ ಬಿಡದೆ ಹಿಂದುಮುಂದಾಗಿತ್ತು. ಅಕ್ಷರದ ಗುಂಪು ಎಲ್ಲಿಂದ ಶುರುವಾಗುತ್ತದೆ ಅಂತ ಹಿಂದಕ್ಕೆ ಹುಡುಕಿ, ರ್ ಅನ್ನು ಅಲ್ಲಿಗೆ ಒಯ್ಯುವ ಸಾಲುಗಳನ್ನು ಸೇರಿಸಿದ ಮೇಲೆ ಸರಿಯಾಯಿತು. ಆಮೇಲೆ ಎಲ್ಲವನ್ನೂ ಒಡಿಟಿ ರೂಪದಲ್ಲಿ ಉಳಿಸಿದೆ. ಅದೂ ಮುಕ್ತ ಮಾನದಂಡವೇ. ಈಗ "ಹೂಮಳೆ" ಅಂತ ಹುಡುಕಿದರೆ ಅಷ್ಟೂ ವರ್ಷಗಳ ಸಾಲು ಎದುರು ಬರುತ್ತದೆ. ಅಪ್ಪ ಅದನ್ನು ನೋಡಿ ರಾತ್ರಿ ಊಟವನ್ನೂ ಮುಂದಕ್ಕೆ ಹಾಕಿ ಓದುತ್ತಾ ಕೂತಿದ್ದರು.

ತಂತ್ರಜ್ಞಾನದ ಸ್ವಾತಂತ್ರ್ಯ ಬೆಂಗಳೂರಿನ ಎಂಜಿನಿಯರುಗಳ ವಿಷಯ ಅಂದುಕೊಳ್ಳುವವರಿಗೆ ನಾನು ಈ ಕಡತಗಳನ್ನು ತೋರಿಸುತ್ತೇನೆ. ಒಬ್ಬ ಕಾಫಿ ಬೆಳೆಗಾರ ವರ್ಷಗಟ್ಟಲೆ ಬರೆದಿಟ್ಟದ್ದು ಒಂದು ಫಾಂಟಿನ ಹಿಂದೆ ಸಿಕ್ಕಿಬಿದ್ದಿತ್ತು. ಸ್ಕ್ರಿಪ್ಟ್ ಬರೆದವರು ಅದನ್ನು ತೆರೆದಿಟ್ಟಿದ್ದರಿಂದ ನಾನು ತಿದ್ದಲು ಆಯಿತು.

ಡೆಬಿಯನ್

ಹಳೆಯ ಡಿಸ್ಕ್ ತೆಗೆದು 240 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿದೆ. ಹಳೆಯ ಯಂತ್ರಕ್ಕೆ ಒಂದೇ ಖರ್ಚು ಮಾಡುವುದಿದ್ದರೆ ಇದನ್ನೇ ಮಾಡಿ. ಪ್ರೊಸೆಸರ್ ಬಿಚ್ಚಿ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಫ್ಯಾನ್ ಧೂಳು ತೆಗೆದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನದು ಬೇಕು. ಆ ಲೆಕ್ಕದಲ್ಲಿ ಈ ಲ್ಯಾಪ್‌ಟಾಪ್ ಕಸ. ಲಿನಕ್ಸ್ ಮೇಲೆ ಕಟ್ಟಿದ ಮುಕ್ತ ಆಪರೇಟಿಂಗ್ ಸಿಸ್ಟಮ್ ಡೆಬಿಯನ್ 13ರ ಲೆಕ್ಕದಲ್ಲಿ ಇದು 64 ಬಿಟ್‌ನ ಒಳ್ಳೆಯ ಕಂಪ್ಯೂಟರ್. 1993ರಲ್ಲಿ ಇಯನ್ ಮರ್ಡಾಕ್ ಶುರು ಮಾಡಿದ ಡೆಬಿಯನ್ ಇವತ್ತಿಗೂ ಸ್ವಯಂಸೇವಕರ ಕೈಯಲ್ಲಿದೆ. ಪೆನ್‌ಡ್ರೈವ್‌ಗೆ ಬರೆಯುವ ಮೊದಲು ಇಳಿಸಿದ ಕಡತದ ಚೆಕ್‌ಸಮ್ (ಕಡತದ ಗುರುತಿನ ಸಂಖ್ಯೆ) ಹೋಲಿಸಿ ನೋಡಿ. ಡೌನ್‌ಲೋಡ್ ಅರ್ಧಂಬರ್ಧ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ, 4 ಜಿಬಿಗೆ ಅದು ಹಗುರ. ಕನ್ನಡಕ್ಕೆ ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನ ಸಂಗ್ರಹದಲ್ಲೇ ಸಿಗುತ್ತವೆ. ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಸೆಟ್ಟಿಂಗ್ಸ್‌ನಲ್ಲೇ ಇದೆ. ಬೇರೆ ಏನೂ ಇಳಿಸಬೇಕಾಗಿಲ್ಲ.

ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ

ಹಳೆಯ ರೂಟರಿನಲ್ಲಿ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್. ರೂಟರಿನೊಳಗೆ ಕಂಪನಿಯ ಪ್ರೋಗ್ರಾಮಿನ ಬದಲು ಹಾಕುವ ಮುಕ್ತ ಪ್ರೋಗ್ರಾಮ್ ಓಪನ್‌ಡಬ್ಲ್ಯುಆರ್‌ಟಿಗೆ ಇದು ಅಂಚಿನ ಮೇಲಿನ ಲೆಕ್ಕ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವುದಾದರೆ ಕೈ ಹಾಕಬೇಡಿ. ನಿಮ್ಮ ಮಾದರಿಯ ಹೆಸರು ಮಾತ್ರ ನೋಡಿದರೆ ಸಾಲದು, ಕೆಳಗಿನ ಚೀಟಿಯ ಮೇಲಿನ ಹಾರ್ಡ್‌ವೇರ್ ವರ್ಷನ್ ಸಂಖ್ಯೆಯನ್ನೂ ನೋಡಬೇಕು. ಒಂದೇ ಹೆಸರಿನ ಡಬ್ಬದೊಳಗೆ ಬೇರೆ ಬೇರೆ ಚಿಪ್ ಇರುತ್ತದೆ.

ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ ಕಥೆ ನನಗೆ ತುಂಬ ಇಷ್ಟ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಅನ್ನುವ ರೂಟರ್ ಇತ್ತು. ಅದರೊಳಗೆ ಲಿನಕ್ಸ್ ಇದೆ ಅಂತ ಕೆಲವರು ಪತ್ತೆ ಮಾಡಿದರು. ಲಿನಕ್ಸ್ ಬಳಸಿ ಮಾರಿದರೆ ಗ್ನೂ ಪರವಾನಗಿಯ ಪ್ರಕಾರ ಸೋರ್ಸ್ ಕೋಡ್ ಕೊಡಬೇಕು. ಒತ್ತಾಯ ಬಂದಾಗ 2003ರಲ್ಲಿ ಕೋಡ್ ಹೊರಗೆ ಬಂತು. ಅದನ್ನು ಹಿಡಿದುಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಒಂದು ಪರವಾನಗಿಯ ಕೆಲವು ಸಾಲುಗಳಿಂದ ಲೋಕದ ಎಷ್ಟೋ ಹಳೆಯ ರೂಟರುಗಳು ಕಸದ ಬುಟ್ಟಿಯಿಂದ ಉಳಿದಿವೆ.

ಫ್ಲ್ಯಾಶ್ ಮಾಡುವಾಗ, ಅಂದರೆ ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ಪ್ರೋಗ್ರಾಮ್) ಬರೆಯುವಾಗ, ರೂಟರ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಇನ್ವರ್ಟರ್ ಮೇಲೆ ಇಡಿ. ನಡುವೆ ಕರೆಂಟ್ ಹೋದರೆ ರೂಟರ್ ಎದ್ದೇಳುವುದಿಲ್ಲ. ವೈರ್‌ನಲ್ಲೇ ಮಾಡಿ, ವೈಫೈ ಮೇಲೆ ಬೇಡ. ಹೊಸ ಫರ್ಮ್‌ವೇರ್ ಏರಿದ ಮೇಲೆ ಮೊದಲು ಪಾಸ್‌ವರ್ಡ್ ಹಾಕಿ, ವೈಫೈ ದೇಶವನ್ನು ಭಾರತ ಅಂತ ಆರಿಸಿ. ಲ್ಯಾಪ್‌ಟಾಪಿಗೆ ಬದಲಾಗದ ಐಪಿ ವಿಳಾಸ ಕೊಟ್ಟು, ಅದಕ್ಕೆ "ಪುಸ್ತಕ" ಅನ್ನುವ ಸ್ಥಳೀಯ ಹೆಸರು ಕಟ್ಟಿದೆ. ಫೋನಿನಲ್ಲಿ ಆ ಹೆಸರು ಹೊಡೆದರೆ ಹೆಸರಿಗೆ ವಿಳಾಸ ಹುಡುಕಿಕೊಡುವ, ರೂಟರ್ ಒಳಗಿನ ಡಿಎನ್‌ಎಸ್ "ಲ್ಯಾಪ್‌ಟಾಪ್ ಇಲ್ಲಿದೆ" ಅನ್ನುತ್ತದೆ.

ಇದನ್ನು ಮಾಡಿದಾಗಲೇ ಒಂದು ವಿಷಯ ಮನಸ್ಸಿಗೆ ಇಳಿದದ್ದು. ಹೆಸರಿಗೆ ವಿಳಾಸ ಹೇಳುವವರ ಕೈಯಲ್ಲಿ ಎಷ್ಟು ಅಧಿಕಾರ ಇದೆ! ಒಂದು ಸಾಲು ಬರೆದರೆ ಯಾವ ಜಾಲತಾಣವನ್ನಾದರೂ ಇಡೀ ಮನೆಗೆ ಇಲ್ಲವಾಗಿಸಬಹುದು. ನಮ್ಮ ದೇಶದಲ್ಲಿ ಜಾಲತಾಣ ತಡೆಯುವ ಒಂದು ವಿಧಾನವೂ ಇದೇ. ಐಟಿ ಕಾಯ್ದೆಯ 69ಎ ಸೆಕ್ಷನ್ ಸರ್ಕಾರಕ್ಕೆ ಆ ಅಧಿಕಾರ ಕೊಡುತ್ತದೆ. 2009ರ ನಿಯಮಗಳಲ್ಲಿ 16ನೆಯದು ಇಂಥ ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿ ಇಡಬೇಕು ಅನ್ನುತ್ತದೆ. ನನ್ನ ಅಭಿಪ್ರಾಯ ನೇರವಾಗಿದೆ. ತಡೆಯಲೇಬೇಕಾದ ಪುಟಗಳು ಇರುತ್ತವೆ, ಮಕ್ಕಳಿಗೆ ಹಿಂಸೆ ಮಾಡಿದ ಚಿತ್ರಗಳಂಥವು. ಆದರೆ ಏನನ್ನು, ಯಾಕೆ ತಡೆದಿದ್ದೀರಿ ಅಂತ ಜನರಿಗೆ ಹೇಳಬೇಕು. ಕಾರಣ ಗೊತ್ತಿಲ್ಲದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವುದು ಹೇಗೆ?

ಪುಸ್ತಕ ತುಂಬಿಸಿದ್ದು

ಕಿವಿಕ್ಸ್ ಅನ್ನುವ ಮುಕ್ತ ಪ್ರೋಗ್ರಾಮ್ ಇಡೀ ವಿಕಿಪೀಡಿಯವನ್ನು ಒಂದೇ ಝಿಮ್ ಕಡತವಾಗಿ ಕೊಡುತ್ತದೆ. ಚಿತ್ರಗಳ ಸಮೇತ ಇಂಗ್ಲಿಷ್‌ನದು 100 ಜಿಬಿ ದಾಟುತ್ತದೆ. ಕನ್ನಡದ್ದು ಅದರ ಮುಂದೆ ತೀರಾ ಚಿಕ್ಕದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇನ್ನೂ ಬೆಳೆಯಬೇಕಾದದ್ದು ಬಹಳ ಇದೆ. ಇವೆರಡರ ಜೊತೆ ಕನ್ನಡ ವಿಕ್ಷನರಿ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ವಿಜ್ಞಾನ ಸಿಮ್ಯುಲೇಶನ್‌ಗಳನ್ನೂ ಹಾಕಿದೆ. ಕೆಳಗಿನ ಮನೆಯ ಏಳನೇ ಕ್ಲಾಸಿನ ಹುಡುಗನಿಗೆ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ಬಿಟ್ಟು ಬೇರೇನೂ ಬೇಡ.

ಕಡತ ತರುವುದೇ ಕಷ್ಟವಾಯಿತು. ನಾನಿರುವ ಹಾಸ್ಟೆಲ್‌ನ ವೈಫೈನಲ್ಲಿ ಟೊರೆಂಟ್ ಬಂದ್. ಟೊರೆಂಟ್ ಅಂದರೆ ಕಳ್ಳ ಸಿನಿಮಾ ಅಂತ ಒಂದು ನಂಬಿಕೆ ಕೂತುಬಿಟ್ಟಿದೆ. ಟೊರೆಂಟ್ ಅನ್ನುವುದು ಕಡತ ಸಾಗಿಸುವ ಒಂದು ವಿಧಾನ ಅಷ್ಟೇ. ಡೆಬಿಯನ್, ಕಿವಿಕ್ಸ್ ಎರಡೂ ಅಧಿಕೃತವಾಗಿಯೇ ಟೊರೆಂಟ್ ಕೊಡುತ್ತವೆ. ಸಂಪರ್ಕ ಕಡಿದರೂ ನಿಂತಲ್ಲಿಂದ ಮುಂದುವರಿಯುವುದರಿಂದ ನಮ್ಮಂಥ ಊರಿಗೆ ಇದೇ ಸರಿಯಾದ ದಾರಿ. ಕೊನೆಗೆ ಗೆಳೆಯನ ಮನೆಯ ಫೈಬರ್‌ನಲ್ಲಿ ಇಳಿಸಿ, ಹೊರಗಿನ ಡಿಸ್ಕಿನಲ್ಲಿ ಬಸ್ಸಿನಲ್ಲಿ ತಂದೆ.

ಹಾಸ್ಟೆಲ್ ಅಂದಾಗ ಕೇರಳದ ಒಂದು ತೀರ್ಪು ನೆನಪಾಗುತ್ತದೆ. ಅಲ್ಲಿನ ಫಹೀಮಾ ಶಿರಿನ್ ಅನ್ನುವ ವಿದ್ಯಾರ್ಥಿನಿ ಸಂಜೆ ಹೊತ್ತು ಫೋನ್ ಒಪ್ಪಿಸುವ ಹಾಸ್ಟೆಲ್ ನಿಯಮಕ್ಕೆ ಒಪ್ಪಲಿಲ್ಲ. ಹಾಸ್ಟೆಲ್‌ನಿಂದ ಹೊರಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಆಕೆಯ ಪರ ನಿಂತಿತು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ ಅಂದಿತು. ಆ ಖಾಸಗಿತನದ ಹಕ್ಕನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು 2017ರ ಆಗಸ್ಟ್ 24ರಂದು. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದೊಡ್ಡವರು "ಮಕ್ಕಳಿಗೆ ಎಂಥ ಖಾಸಗಿತನ" ಅಂದಾಗ ನಾನು ಈ ಎರಡೂ ತೀರ್ಪಿನ ಹೆಸರು ಹೇಳುತ್ತೇನೆ.

ಬಡವರಿಗೆ ಉಚಿತವಾಗಿ ಸ್ವಲ್ಪ ಇಂಟರ್ನೆಟ್ ಕೊಟ್ಟರೆ ತಪ್ಪೇನು ಅಂತಲೂ ಕೇಳುತ್ತಾರೆ. 2015ರಲ್ಲಿ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಅದನ್ನೇ ಹೇಳಿತು: ಆಯ್ದ ಕೆಲವು ತಾಣ ಉಚಿತ, ಉಳಿದದ್ದಕ್ಕೆ ದುಡ್ಡು. ಆ ವರ್ಷ ನೆಟ್ ಸಮಾನತೆ (ಎಲ್ಲ ತಾಣಗಳಿಗೂ ಒಂದೇ ನ್ಯಾಯ) ಉಳಿಸಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರವನ್ನು ನಿಷೇಧಿಸಿತು. ನಾನು ಆಗ ಚಿಕ್ಕವನು. ಆದರೆ ಆ ಇಮೇಲ್ ಕಳಿಸಿದವರಿಗೆ ನಾನು ಋಣಿ. ನಮ್ಮ ಜಗಲಿಯ ವೈಫೈನಲ್ಲೂ ಇರುವುದು ಆಯ್ದ ಪುಟಗಳೇ ಅಲ್ವಾ ಅಂತ ಅಕ್ಕ ಕೇಳಿದಳು. ಒಳ್ಳೆಯ ಪ್ರಶ್ನೆ. ಇಲ್ಲಿ ಯಾರು ಏನು ಓದಿದರು ಅಂತ ಬರೆದಿಡುವವರಿಲ್ಲ. ಸರ್ವರ್ ಇಡುವ ದಾಖಲೆಯನ್ನೇ (ಲಾಗ್) ನಿಲ್ಲಿಸಿದ್ದೇನೆ. ಯಾರು ಬೇಕಾದರೂ ಇಡೀ ಡಿಸ್ಕನ್ನು ನಕಲು ಮಾಡಿಕೊಂಡು ಹೋಗಬಹುದು. ಇದರಿಂದ ಯಾರೂ ಗ್ರಾಹಕರಾಗುವುದಿಲ್ಲ.

ನಕಲು ಮಾಡಬಹುದು ಅನ್ನುವುದಕ್ಕೂ ಒಂದು ಕಾರಣ ಇದೆ. ವಿಕಿಪೀಡಿಯದ ಬರಹ ನಕಲು ಮಾಡಿ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಆ ಪರವಾನಗಿಗಳ ತಾಂತ್ರಿಕ ಕೆಲಸದಲ್ಲಿ ಶುರುವಿನಲ್ಲೇ ಇದ್ದವನು ಆರನ್ ಸ್ವಾರ್ಟ್ಸ್, ಆಗ ಹದಿಹರೆಯದ ಹುಡುಗ. 14ನೇ ವಯಸ್ಸಿಗೆ, ಜಾಲತಾಣಗಳ ಹೊಸ ಬರಹಗಳನ್ನು ಓದುಗರಿಗೆ ತಲುಪಿಸುವ ಆರ್‌ಎಸ್‌ಎಸ್ 1.0 ಅನ್ನುವ ಮಾನದಂಡ ರೂಪಿಸಿದವರ ತಂಡದಲ್ಲಿದ್ದ. ಮುಂದೆ ಜೆಸ್ಟೋರ್ ಅನ್ನುವ ಆನ್‌ಲೈನ್ ಸಂಗ್ರಹದಿಂದ ಸಂಶೋಧನಾ ಲೇಖನಗಳನ್ನು ರಾಶಿಯಾಗಿ ಇಳಿಸಿಕೊಂಡ ಅಂತ ಅಮೆರಿಕ ಸರ್ಕಾರ ಕೇಸ್ ಹಾಕಿತು. ವಿಚಾರಣೆಗೆ ಮುಂಚೆಯೇ, 2013ರ ಜನವರಿಯಲ್ಲಿ, 26ನೇ ವಯಸ್ಸಿಗೆ ತೀರಿಕೊಂಡ. ಅವನ ಬಗ್ಗೆ ಓದಿದ ದಿನದಿಂದ "ನೀನಿನ್ನೂ ಚಿಕ್ಕವನು, ಇದೆಲ್ಲ ಯಾಕೆ" ಅನ್ನುವ ಮಾತು ನನಗೆ ತಾಗುವುದಿಲ್ಲ.

ಈಗ ಹೇಗಿದೆ

ಓಡುತ್ತಿದೆ. ಒಂದು ತೊಂದರೆ ಫೋನುಗಳದ್ದು. ಆಂಡ್ರಾಯ್ಡ್ ಫೋನ್ ಈ ವೈಫೈಗೆ ಸೇರಿದ ಕೂಡಲೇ ಹೊರಗಿನ ಸರ್ವರ್ ಒಂದನ್ನು ಮುಟ್ಟಲು ನೋಡುತ್ತದೆ. ಸಿಗದಿದ್ದರೆ "ಇಂಟರ್ನೆಟ್ ಇಲ್ಲ" ಅಂತ ತಾನೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಆಗ "ಆದರೂ ಇರಲಿ" ಅನ್ನುವ ಆಯ್ಕೆ ಒತ್ತಬೇಕು. ಕೆಲವು ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದು ಜಗಲಿಯ ಕಂಬಕ್ಕೆ ಅಂಟಿಸಿದ್ದೇನೆ.

ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಸಾವಿರಾರು ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಮ್ಮ ಜಿಲ್ಲೆಯಿಂದ ನಡೆಸುತ್ತಾರೆ. ಅದೇ ಜಿಲ್ಲೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ, ಟವರ್‌ನ ಬ್ಯಾಟರಿ ಮುಗಿಯುವವರೆಗೆ ಮಾತ್ರ ನಮ್ಮ ಫೋನಿಗೆ ಜೀವ. ಇದು ತಂತ್ರಜ್ಞಾನದ ಕೊರತೆ ಅಲ್ಲ, ಯಾರಿಗೆ ಮೊದಲು ತಲುಪಿಸಬೇಕು ಅನ್ನುವ ತೀರ್ಮಾನದ ಕೊರತೆ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಮನೆಯ ಇನ್ವರ್ಟರ್ ಮೇಲೆ ಓಡುತ್ತದೆ. ಪರದೆ ಆಫ್ ಇದ್ದರೆ ಇದು ಒಂದು ಸಣ್ಣ ಬಲ್ಬಿನಷ್ಟೇ ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಪ್ಲಗ್ ಜೊತೆ ಈಥರ್‌ನೆಟ್ ಕೇಬಲನ್ನೂ ಕಿತ್ತಿಡಬೇಕು. ಸಿಡಿಲು ತಂತಿಯಲ್ಲೂ ಬರುತ್ತದೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸುವ ಕೆಲಸ ಅಮ್ಮ ವಹಿಸಿಕೊಂಡಿದ್ದಾರೆ. ರೂಟರ್‌ಗೆ ಬೇರೆಯೇ 12 ವೋಲ್ಟಿನ ಮಿನಿ ಯುಪಿಎಸ್ ಹಾಕುವುದು ಬಾಕಿ ಇದೆ. ಅದಾದ ಮೇಲೆ ತಾತನ ಮಳೆಯ ಲೆಕ್ಕವನ್ನು ಪುಟಗಳಾಗಿ ಮಾಡಿ ಇದೇ ಸರ್ವರಿನಲ್ಲಿ ಇಡಬೇಕು. ಅಪ್ಪ ಒಪ್ಪಿದ್ದಾರೆ, ಸಂಘದವರನ್ನು ಕೇಳಬೇಕು.